ಮನೆಯ ಮಾಳಿಗೆಯ ಸೌರ ಫಲಕಗಳೂ ವಿದ್ಯುಚ್ಛಕ್ತಿಯ ಬಿಲ್ಲೂ

ಕಳೆದ ವರ್ಷ ಹಳೆಯ ವಿದ್ಯಾರ್ಥಿನಿಯರ ಸಮ್ಮೇಲನದ ದಿನ, ಮಧ್ಯಾಹ್ನದ ಊಟವು ಮುಗಿದು ಎಲ್ಲರೂ ಮಾವಿನ ಮರದ ನೆರಳಿನಲ್ಲಿ ಕುಳಿತು ಹಿಂದಿನ ಮಾತುಗಳನ್ನಾಡುತ್ತಿದ್ದಾಗ, ನಮ್ಮ ಬಳಿಗೆ ಇಬ್ಬರು ಬಂದರು. ಇಬ್ಬರೂ ಈ ಶಾಲೆಯಲ್ಲಿಯೇ ಓದಿದವರು. ಒಬ್ಬರು ಪತಿಯನ್ನು ಕಳೆದುಕೊಂಡು, ಅಲ್ಪವಾದ ಪಿಂಚಣಿಯಿಂದ ಅತ್ತೆಮಾವಂದಿರನ್ನು ಸಲಹುತ್ತ ಮಗಳನ್ನು ಓದಿಸುತ್ತಿರುವವರು. ಇನ್ನೊಬ್ಬರು ಎಂಟು ಜನರ ತುಂಬಿದ ಮನೆಯ ಯಜಮಾನಿ. ಇಬ್ಬರ ಕೈಯಲ್ಲಿಯೂ ಎರಡೆರಡು ಕಾಗದಗಳಿದ್ದವು. ಒಂದು ಅವರ ಮನೆಯ ವಿದ್ಯುಚ್ಛಕ್ತಿಯ ಬಿಲ್ಲು, ಇನ್ನೊಂದು ಸೌರ ಫಲಕಗಳನ್ನು ಮಾರುವವರು ಬರೆದುಕೊಟ್ಟ ಬೆಲೆಯ ಪಟ್ಟಿ. ಮನೆಗಳು ಬೇರೆ, ಖರ್ಚು ಬೇರೆ. ಆದರೂ ಎರಡು ಪಟ್ಟಿಗಳಲ್ಲಿಯೂ ಒಂದೇ ಮಾತು ಬರೆದಿತ್ತು: ಮೂರು ಕಿಲೊವ್ಯಾಟ್ ಫಲಕಗಳನ್ನು ಕೂರಿಸಿರಿ, ನಿಮ್ಮ ಬಿಲ್ಲು ಸೊನ್ನೆಯಾಗುವುದು.

"ಟೀಚರೇ, ಇದನ್ನು ನಂಬಬಹುದೋ?" ಎಂದು ಮೊದಲನೆಯವರು ಕೇಳಿದರು. ಮಗಳ ಕಾಲೇಜಿನ ಖರ್ಚಿಗೆಂದು ಬ್ಯಾಂಕಿನಲ್ಲಿ ಇಟ್ಟಿದ್ದ ಠೇವಣಿಯನ್ನು ಅವಧಿಗೆ ಮುಂಚೆಯೇ ಬಿಡಿಸಿ ಈ ಫಲಕಗಳಿಗೆ ಕೊಡಬೇಕೆಂದು ಅವರು ಯೋಚಿಸಿದ್ದರು. ಅಂಥ ಹಣದ ವಿಷಯದಲ್ಲಿ ಬಾಯಿಗೆ ಬಂದ ಉತ್ತರವನ್ನು ಕೊಡುವುದು ಸರಿಯಲ್ಲವೆಂದು ತಿಳಿದು, ವಿಚಾರಿಸಿ ಹೇಳುವೆವೆಂದು ಮಾತು ಕೊಟ್ಟೆವು. ಅವರಿಗೆ ಕೊಟ್ಟ ಉತ್ತರವು ಇನ್ನೂ ಅನೇಕ ಮನೆಗಳಿಗೆ ಉಪಯೋಗವಾಗಬಹುದೆಂದು ತೋರಿದುದರಿಂದ ಅದನ್ನು ಈ ಪುಟಗಳಲ್ಲಿ ಬರೆದಿದ್ದೇವೆ. ಲೆಕ್ಕವು ಕಠಿಣವಾದುದಲ್ಲ; ನಮ್ಮ ಏಳನೆಯ ತರಗತಿಯ ಹುಡುಗಿಯರು ಮಾಡಬಲ್ಲ ಗುಣಾಕಾರ ಭಾಗಾಕಾರಗಳೇ ಸಾಕು.

ಬಿಸಿಲಿನಿಂದ ವಿದ್ಯುಚ್ಛಕ್ತಿಯು ಹುಟ್ಟುವುದೆಂಬ ಸಂಗತಿಯು ಹೊಸದೇನೂ ಅಲ್ಲ. 1839ರಲ್ಲಿ ಫ್ರಾನ್ಸ್ ದೇಶದ ಎಡ್ಮಂಡ್ ಬೆಕೆರೆಲ್ ಎಂಬ ತರುಣನು, ತನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಬೆಳಕು ಬಿದ್ದಾಗ ಕೆಲವು ಪದಾರ್ಥಗಳಲ್ಲಿ ವಿದ್ಯುತ್ ಪ್ರವಾಹವು ಉಂಟಾಗುವುದನ್ನು ಕಂಡನು. ಆದರೆ ಅದು ಬಹುಕಾಲ ಪ್ರಯೋಗಶಾಲೆಯ ಕೌತುಕವಾಗಿಯೇ ಉಳಿಯಿತು. ನಮ್ಮ ನಾಡಿನಲ್ಲಿ ನೀರಿನ ಬಲವೇ ಮೊದಲು ದೀಪ ಹಚ್ಚಿತು. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಉರಿದವು. ಸೂರ್ಯನ ಬೆಳಕಿನಿಂದ ಕೆಲಸಕ್ಕೆ ಬರುವಷ್ಟು ಶಕ್ತಿಯನ್ನು ಕೊಡುವ ಸಿಲಿಕಾನ್ ಕೋಶವನ್ನು 1954ರಲ್ಲಿ ಅಮೇರಿಕದ ಬೆಲ್ ಪ್ರಯೋಗಶಾಲೆಯವರು ತೋರಿಸಿದರು. ಅಂದು ಆ ಕೋಶವು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಆರು ಪಾಲನ್ನು ಮಾತ್ರ ವಿದ್ಯುಚ್ಛಕ್ತಿಯಾಗಿ ಮಾರ್ಪಡಿಸುತ್ತಿತ್ತು. ಇಂದು ಅಂಗಡಿಯಲ್ಲಿ ದೊರೆಯುವ ಒಳ್ಳೆಯ ಫಲಕವು ನೂರಕ್ಕೆ ಇಪ್ಪತ್ತು ಪಾಲನ್ನೂ ಅದಕ್ಕಿಂತ ಹೆಚ್ಚನ್ನೂ ಮಾರ್ಪಡಿಸುವುದು. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ ಸುಮಾರು 13,000 ಎಕರೆ ಒಣಭೂಮಿಯ ಮೇಲೆ ಹರಡಿರುವ 2,050 ಮೆಗಾವ್ಯಾಟ್ ಸಾಮರ್ಥ್ಯದ ಫಲಕಗಳನ್ನು ನೋಡಿದವರಿಗೆ, ಆ ಕೌತುಕವು ಎಷ್ಟು ದೂರ ನಡೆದು ಬಂದಿದೆಯೆಂಬುದು ತಿಳಿಯುವುದು.

ಲೆಕ್ಕಕ್ಕೆ ಮೊದಲು ಎರಡು ಪದಗಳ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಕಿಲೊವ್ಯಾಟ್ ಎಂಬುದು ಶಕ್ತಿಯು ಎಷ್ಟು ವೇಗವಾಗಿ ಹರಿಯುತ್ತಿದೆ ಎಂಬುದರ ಅಳತೆ. ಯೂನಿಟ್ಟು ಎಂಬುದು ಒಟ್ಟು ಹರಿದ ಶಕ್ತಿಯ ಅಳತೆ. ನಲ್ಲಿಯು ಎಷ್ಟು ದಪ್ಪನಾಗಿ ಸುರಿಯುತ್ತಿದೆಯೆಂಬುದು ಒಂದು, ಕೊಡದಲ್ಲಿ ಎಷ್ಟು ನೀರು ತುಂಬಿತೆಂಬುದು ಇನ್ನೊಂದು. ಒಂದು ಕಿಲೊವ್ಯಾಟ್ ವೇಗದಲ್ಲಿ ಒಂದು ಗಂಟೆಯ ಕಾಲ ಹರಿದರೆ ಒಂದು ಯೂನಿಟ್ಟು. ಬಿಲ್ಲಿನಲ್ಲಿ ಹಣವನ್ನು ಯೂನಿಟ್ಟಿನಿಂದ ಎಣಿಸುತ್ತಾರೆ. ಫಲಕಗಳನ್ನು ಮಾರುವವರು ಕಿಲೊವ್ಯಾಟಿನಿಂದ ಮಾರುತ್ತಾರೆ. ಆದುದರಿಂದ ಒಂದು ಕಿಲೊವ್ಯಾಟ್ ಫಲಕವು ಎಷ್ಟು ಯೂನಿಟ್ಟುಗಳನ್ನು ಕೊಡುವುದೆಂಬುದೇ ಮೊದಲನೆಯ ಪ್ರಶ್ನೆ.

ಒಂದು ಕಿಲೊವ್ಯಾಟ್ ಎಂಬ ಸಂಖ್ಯೆಯು ಪರೀಕ್ಷಾಶಾಲೆಯಲ್ಲಿ, ತುಂಬು ಬೆಳಕಿನಲ್ಲಿ, ಫಲಕವು 25 ಡಿಗ್ರಿಯಷ್ಟು ತಂಪಾಗಿರುವಾಗ ಅಳೆದುದು. ನಮ್ಮ ಮಾಳಿಗೆಯ ಮೇಲೆ ಅಂಥ ಅವಸ್ಥೆಯು ಇರುವುದಿಲ್ಲ. ಬೆಳಿಗ್ಗೆ ಮತ್ತು ಸಂಜೆ ಬಿಸಿಲು ಓರೆಯಾಗಿ ಬೀಳುವುದು; ನಡು ಮಧ್ಯಾಹ್ನದಲ್ಲಿ ಬಿಸಿಲು ನೆಟ್ಟಗೆ ಬಿದ್ದರೂ ಫಲಕವು 55 ಅಥವಾ 60 ಡಿಗ್ರಿಗೆ ಕಾಯುವುದು. ಕಾದಷ್ಟೂ ಫಲಕದ ಉತ್ಪತ್ತಿಯು ಕುಂದುವುದು. ಒಂದೊಂದು ಡಿಗ್ರಿಗೆ ನೂರರಲ್ಲಿ ಮೂರನೆಯ ಒಂದು ಪಾಲಿನಷ್ಟೋ ಸ್ವಲ್ಪ ಹೆಚ್ಚೋ ನಷ್ಟವಾಗುವುದರಿಂದ, ಮಧ್ಯಾಹ್ನದ ಹೊತ್ತಿನಲ್ಲಿ ಹತ್ತನೆಯ ಒಂದು ಪಾಲು ಹೀಗೆಯೇ ಹೋಗುವುದು. ಬಿಸಿಲು ಹೆಚ್ಚಾದಷ್ಟೂ ಲಾಭವು ಹೆಚ್ಚೆಂದು ತಿಳಿಯುವವರು ಇದನ್ನು ಗಮನಿಸಬೇಕು: ಫಲಕಕ್ಕೆ ಬೇಕಾದುದು ಬೆಳಕು, ಸೆಕೆಯಲ್ಲ. ಧೂಳು, ತಂತಿಗಳು, ಇನ್ವರ್ಟರು, ಇವುಗಳಲ್ಲಿಯೂ ಸ್ವಲ್ಪ ಸ್ವಲ್ಪ ಸೋರುವುದು. ಇವೆಲ್ಲವನ್ನೂ ಕಳೆದು ನೋಡಿದರೆ, ನಮ್ಮ ನಾಡಿನಲ್ಲಿ ಒಂದು ಕಿಲೊವ್ಯಾಟ್ ಫಲಕವು ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು ನಾಲ್ಕು ಯೂನಿಟ್ಟುಗಳನ್ನು ಕೊಡುವುದೆಂದು ಹಿಡಿಯಬಹುದು. ತಿಂಗಳಿಗೆ 120 ಯೂನಿಟ್ಟು, ವರ್ಷಕ್ಕೆ 1,440. ಫೆಬ್ರುವರಿ ಮಾರ್ಚಿಯಲ್ಲಿ ಇದಕ್ಕಿಂತ ಹೆಚ್ಚು ಬರುವುದು; ಕರಾವಳಿಯ ಆಷಾಢದ ಮಳೆಯಲ್ಲಿ ಕೆಲವು ದಿನ ಇದರ ಅರ್ಧವೂ ಬಾರದು. ಹೀಗಿರುವುದರಿಂದ ಮಾರ್ಚಿ ತಿಂಗಳ ಉತ್ಪತ್ತಿಯನ್ನು ತೋರಿಸಿ ಅದನ್ನು ಹನ್ನೆರಡರಿಂದ ಗುಣಿಸಿ ಹೇಳುವವರ ಲೆಕ್ಕವನ್ನು ಒಪ್ಪಬಾರದು.

ಎರಡನೆಯ ಪ್ರಶ್ನೆಯು ಒಂದು ಯೂನಿಟ್ಟಿಗೆ ನಾವು ತೆರುವ ಬೆಲೆಯೆಷ್ಟು ಎಂಬುದು. 2025-26ನೆಯ ಸಾಲಿಗೆ ಕರ್ನಾಟಕದಲ್ಲಿ ಮನೆಗಳಿಗೆ ನಿಗದಿಯಾದ ದರವು ಯೂನಿಟ್ಟಿಗೆ 5 ರೂ. 80 ಪೈಸೆ. ಇದರ ಮೇಲೆ ತೆರಿಗೆಯೂ ಸರ್ಚಾರ್ಜೂ ಸೇರುವುವು. ಲೆಕ್ಕದ ಸೌಕರ್ಯಕ್ಕಾಗಿಯೂ, ಲಾಭವನ್ನು ಉಬ್ಬಿಸಿ ಹೇಳಬಾರದೆಂಬ ಎಚ್ಚರದಿಂದಲೂ, ನಾವು ಯೂನಿಟ್ಟಿಗೆ 6 ರೂಪಾಯಿಯನ್ನೇ ಹಿಡಿಯುತ್ತೇವೆ. ಇದಲ್ಲದೆ ಬಿಲ್ಲಿನಲ್ಲಿ ಇನ್ನೊಂದು ಬಾಬು ಉಂಟು. ಅದೇ ನಿಗದಿತ ಶುಲ್ಕ. ಮನೆಗೆ ಮಂಜೂರಾದ ಪ್ರತಿಯೊಂದು ಕಿಲೊವ್ಯಾಟಿಗೆ ತಿಂಗಳಿಗೆ 145 ರೂಪಾಯಿಯಂತೆ ಅದೇ ಸಾಲಿನಲ್ಲಿ ಅದು ನಿಗದಿಯಾಯಿತು. ಒಂದು ಯೂನಿಟ್ಟನ್ನೂ ಉಪಯೋಗಿಸದಿದ್ದರೂ ಈ ಶುಲ್ಕವು ತಪ್ಪದು. ಮಾಳಿಗೆಯ ತುಂಬ ಫಲಕಗಳಿದ್ದರೂ ತಪ್ಪದು. ಬಿಲ್ಲು ಸೊನ್ನೆಯಾಗುವುದೆಂಬ ಮಾತನ್ನು ಕೇಳಿದಾಗ ಈ ಬಾಬನ್ನು ಎಲ್ಲಿಟ್ಟರೆಂದು ಕೇಳತಕ್ಕದ್ದು.

ಹಗಲಿನಲ್ಲಿ ಹುಟ್ಟಿದ ಶಕ್ತಿಯು ರಾತ್ರಿಯ ದೀಪಕ್ಕೆ ಹೇಗೆ ಒದಗುವುದೆಂಬ ಸಂಶಯವು ಕೆಲವರಿಗೆ ಬರಬಹುದು. ಹಗಲಲ್ಲಿ ಮನೆಯು ಉಪಯೋಗಿಸಿ ಮಿಕ್ಕುದು ಬೀದಿಯ ತಂತಿಗೆ ಹರಿಯುವುದು. ರಾತ್ರಿ ಬೇಕಾದುದು ಅದೇ ತಂತಿಯಿಂದ ಮನೆಗೆ ಬರುವುದು. ಹೋದುದನ್ನೂ ಬಂದುದನ್ನೂ ಎರಡು ಕಡೆಯಿಂದ ಎಣಿಸುವ ಮೀಟರನ್ನು ಕೂರಿಸಿ, ತಿಂಗಳ ಕೊನೆಗೆ ಒಂದರಿಂದ ಇನ್ನೊಂದನ್ನು ಕಳೆದು ಉಳಿದುದಕ್ಕೆ ಮಾತ್ರ ಬಿಲ್ಲನ್ನು ಮಾಡುವರು. ಇದಕ್ಕೆ ನೆಟ್ ಮೀಟರಿಂಗ್ ಎಂದು ಹೆಸರು. ನೆರೆಮನೆಗೆ ಹಾಲನ್ನು ಕೊಟ್ಟು ಮರುದಿನ ಅಷ್ಟೇ ಹಾಲನ್ನು ಹಿಂದಕ್ಕೆ ತಂದುಕೊಂಡಂತೆ ಇದು. ಆದರೆ ನಾವು ತೆಗೆದುಕೊಂಡುದಕ್ಕಿಂತ ಕೊಟ್ಟುದೇ ಹೆಚ್ಚಾದರೆ, ಆ ಹೆಚ್ಚಿನದಕ್ಕೆ ನಾವು ತೆರುವ ದರವು ದೊರೆಯುವುದಿಲ್ಲ. ಆಯೋಗವು ನಿಗದಿ ಮಾಡಿದ, ಅದಕ್ಕಿಂತ ಕಡಿಮೆಯಾದ ಬೆಲೆಯು ಮಾತ್ರ ದೊರೆಯುವುದು. ಈ ಒಂದು ಸಂಗತಿಯಲ್ಲಿಯೇ ಲಾಭನಷ್ಟದ ಗುಟ್ಟು ಅಡಗಿದೆ. ನಮ್ಮ ಉಪಯೋಗಕ್ಕೆ ಸಲ್ಲುವ ಯೂನಿಟ್ಟು ಆರು ರೂಪಾಯಿಯನ್ನು ಉಳಿಸುವುದು. ಮಿಗುವ ಯೂನಿಟ್ಟು ಅಷ್ಟನ್ನು ಗಳಿಸದು.

ಮೂರನೆಯ ಪ್ರಶ್ನೆಯು ಫಲಕಗಳ ಬೆಲೆ. ಕೇಂದ್ರ ಸರಕಾರವು 2024ನೆಯ ಫೆಬ್ರುವರಿಯಲ್ಲಿ ಪ್ರಧಾನಮಂತ್ರಿ ಸೂರ್ಯಘರ್ ಎಂಬ ಯೋಜನೆಯನ್ನು ಆರಂಭಿಸಿ, ದೇಶದ ಒಂದು ಕೋಟಿ ಮನೆಗಳಿಗೆ ಸಹಾಯಧನವನ್ನು ಕೊಡಬೇಕೆಂದು ಗೊತ್ತುಮಾಡಿತು. 2026-27ರ ವರೆಗೆ ಅದನ್ನು ನಡೆಸುವುದೆಂದು ನಿರ್ಣಯವಾಗಿದೆ. ಅದರ ಪ್ರಕಾರ ಮೊದಲನೆಯ ಎರಡು ಕಿಲೊವ್ಯಾಟ್‌ಗಳಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000 ರೂಪಾಯಿ, ಒಟ್ಟು ಹೆಚ್ಚೆಂದರೆ 78,000 ರೂಪಾಯಿ ಸಹಾಯವು ದೊರೆಯುವುದು. ಮೂರಕ್ಕಿಂತ ಹೆಚ್ಚು ಹಾಕಿದವರಿಗೂ ಇಷ್ಟೇ. ಮೂರನೆಯ ಕಿಲೊವ್ಯಾಟಿಗೆ ಸಹಾಯವು ಕಡಿಮೆಯೆಂಬುದನ್ನು ಪಾಠಕರು ನೆನಪಿನಲ್ಲಿಡಬೇಕು. ಸಾಮಾನು, ಚೌಕಟ್ಟು, ಇನ್ವರ್ಟರು, ಕೂಲಿ, ಇವೆಲ್ಲವೂ ಸೇರಿ ಒಂದು ಕಿಲೊವ್ಯಾಟಿಗೆ 65,000 ರೂಪಾಯಿ ಬೀಳುವುದೆಂದು ಇಟ್ಟುಕೊಂಡು ಮುಂದೆ ಹೋಗೋಣ. ಊರೂರಿಗೆ ಇದರಲ್ಲಿ ಹೆಚ್ಚು ಕಡಿಮೆಯಿರುವುದು. ತಮ್ಮ ಪಟ್ಟಿಯಲ್ಲಿರುವ ಅಂಕಿಯನ್ನು ಇದರ ಸ್ಥಾನದಲ್ಲಿಟ್ಟು ಪ್ರತಿಯೊಬ್ಬರೂ ಲೆಕ್ಕ ಮಾಡಿಕೊಳ್ಳಬಹುದು.

ಈಗ ತುಂಬಿದ ಮನೆಯ ಯಜಮಾನಿಯ ಲೆಕ್ಕವನ್ನು ಮೊದಲು ನೋಡೋಣ. ಅವರ ಮನೆಯಲ್ಲಿ ತಿಂಗಳಿಗೆ 300 ಯೂನಿಟ್ಟುಗಳ ಖರ್ಚು. ಮಂಜೂರಾದುದು ಮೂರು ಕಿಲೊವ್ಯಾಟ್. ಯೂನಿಟ್ಟುಗಳಿಗೆ 1,800 ರೂಪಾಯಿ, ನಿಗದಿತ ಶುಲ್ಕ 435 ರೂಪಾಯಿ, ಒಟ್ಟು 2,235 ರೂಪಾಯಿ. ಅವರು ಎರಡು ಕಿಲೊವ್ಯಾಟ್ ಫಲಕಗಳನ್ನು ಹಾಕಿಸಿದರೆ 240 ಯೂನಿಟ್ಟುಗಳು ಹುಟ್ಟುವುವು. ಎಲ್ಲವೂ ಅವರ ಉಪಯೋಗಕ್ಕೇ ಸಲ್ಲುವುವು. ತಿಂಗಳಿಗೆ ಉಳಿತಾಯವು 1,440 ರೂಪಾಯಿ, ವರ್ಷಕ್ಕೆ 17,280. ಬಿಲ್ಲು ಸೊನ್ನೆಯಾಗಲಿಲ್ಲ, 795 ರೂಪಾಯಿ ಉಳಿಯಿತು. ಫಲಕಗಳ ಬೆಲೆ 1,30,000, ಸಹಾಯಧನವು 60,000, ಕೈಯಿಂದ ಬೀಳುವುದು 70,000. ನಾಲ್ಕು ವರ್ಷಗಳಲ್ಲಿ ಹಾಕಿದ ಹಣವು ಹಿಂದಕ್ಕೆ ಬಂದಂತಾಯಿತು.

ಅದರ ಬದಲಿಗೆ ಪಟ್ಟಿಯಲ್ಲಿ ಬರೆದಂತೆ ಮೂರು ಕಿಲೊವ್ಯಾಟ್ ಹಾಕಿಸಿದರೆಂದು ಎಣಿಸೋಣ. ಬೆಲೆ 1,95,000, ಸಹಾಯಧನ 78,000, ಕೈಯಿಂದ 1,17,000. ಹುಟ್ಟುವುದು 360 ಯೂನಿಟ್ಟು. ಅದರಲ್ಲಿ ಅವರಿಗೆ ಬೇಕಾದುದು 300. ಉಳಿತಾಯವು ತಿಂಗಳಿಗೆ 1,800, ವರ್ಷಕ್ಕೆ 21,600. ಮಿಕ್ಕ 60 ಯೂನಿಟ್ಟುಗಳಿಗೆ ಅಲ್ಪಸ್ವಲ್ಪ. ಹಣವು ಹಿಂದಕ್ಕೆ ಬರಲು ಐದೂವರೆ ವರ್ಷ. ಇದೂ ಕೆಟ್ಟ ವ್ಯಾಪಾರವಲ್ಲವೆಂದು ತೋರುವುದು. ಆದರೆ ಮೂರನೆಯ ಕಿಲೊವ್ಯಾಟನ್ನು ಮಾತ್ರ ಬೇರೆಯಾಗಿ ತೂಗಿ ನೋಡಬೇಕು. ಅದಕ್ಕಾಗಿ ಕೈಯಿಂದ ಹೆಚ್ಚಾಗಿ ಬಿದ್ದುದು 47,000. ಅದರಿಂದ ಹೆಚ್ಚಾಗಿ ಉಳಿದುದು ವರ್ಷಕ್ಕೆ 4,320. ಆ ಒಂದು ಕಿಲೊವ್ಯಾಟಿನ ಹಣವು ಹಿಂದಕ್ಕೆ ಬರಲು ಹೆಚ್ಚು ಕಡಿಮೆ ಹನ್ನೊಂದು ವರ್ಷ! ಮೊದಲಿನ ಎರಡರ ಲಾಭದ ಹಿಂದೆ ಮೂರನೆಯದು ಅಡಗಿ ಕುಳಿತಿತ್ತು. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆಯು ಮಾಳಿಗೆಯ ಮೇಲೆಯೂ ನಿಜವೇ. ಇಲ್ಲಿ ಹಾಸಿಗೆಯೆಂದರೆ ಮಾಳಿಗೆಯ ವಿಸ್ತಾರವಲ್ಲ, ಮನೆಯ ಖರ್ಚು.

ಕೈಯಲ್ಲಿ ಹಣವಿಲ್ಲದವರು ಸಾಲ ಮಾಡಬಹುದೋ? 70,000 ರೂಪಾಯಿಯನ್ನು ವರ್ಷಕ್ಕೆ ನೂರಕ್ಕೆ ಏಳರ ಬಡ್ಡಿಯಲ್ಲಿ ತಂದು, ಬಿಲ್ಲಿನಲ್ಲಿ ಉಳಿದ 17,280ನ್ನೇ ವರ್ಷವರ್ಷವೂ ಸಾಲಕ್ಕೆ ಕಟ್ಟಿದರೆಂದು ಇಟ್ಟುಕೊಳ್ಳೋಣ. ಮೊದಲನೆಯ ವರ್ಷದ ಕೊನೆಗೆ 57,620 ಉಳಿಯುವುದು. ಎರಡನೆಯ ವರ್ಷದ ಕೊನೆಗೆ 44,373. ಮೂರನೆಯದಕ್ಕೆ ಸುಮಾರು 30,200. ನಾಲ್ಕನೆಯದಕ್ಕೆ ಸುಮಾರು 15,000. ಐದನೆಯ ವರ್ಷ ಮುಗಿಯುವುದರೊಳಗೆ ಸಾಲವು ತೀರುವುದು. ಠೇವಣಿಯ ಹಣವನ್ನು ಹಾಕುವವರಿಗೂ ಇದೇ ಲೆಕ್ಕವು ಸಲ್ಲುವುದು. ಯಾಕೆಂದರೆ ಬ್ಯಾಂಕಿನಲ್ಲಿದ್ದರೆ ಆ ಹಣಕ್ಕೆ ಬರುತ್ತಿದ್ದ ಬಡ್ಡಿಯನ್ನು ಅವರು ಬಿಟ್ಟುಕೊಡುತ್ತಾರೆ. ಬಡ್ಡಿಯನ್ನು ಮರೆತು ನಾಲ್ಕು ವರ್ಷವೆನ್ನುವುದಕ್ಕಿಂತ, ಬಡ್ಡಿಯನ್ನು ಸೇರಿಸಿ ಐದು ವರ್ಷವೆನ್ನುವುದು ಪ್ರಾಮಾಣಿಕವಾದ ಮಾತು.

ಫಲಕಗಳು ಇಪ್ಪತ್ತೈದು ವರ್ಷ ಬಾಳುವುವೆಂದು ಮಾರುವವರು ಹೇಳುವುದು ಬಹುಮಟ್ಟಿಗೆ ಸರಿಯೇ. ಆದರೆ ಅವು ವರ್ಷಕ್ಕೆ ನೂರಕ್ಕೆ ಅರ್ಧದಿಂದ ಮುಕ್ಕಾಲು ಪಾಲಿನಷ್ಟು ಸವೆಯುತ್ತ ಹೋಗುವುವು. ಇನ್ವರ್ಟರು ಅಷ್ಟು ಕಾಲ ಬಾಳದು. ಎಂಟು ಹತ್ತು ವರ್ಷಗಳಿಗೊಮ್ಮೆ ಹೊಸದನ್ನು ಕೊಳ್ಳಬೇಕಾದೀತು. ಇಪ್ಪತ್ತೈದು ವರ್ಷಗಳ ಉಳಿತಾಯವು ಇಂದಿನ ದರದಲ್ಲಿ 4,32,000. ಸವೆತಕ್ಕಾಗಿ ಹತ್ತನೆಯ ಒಂದು ಪಾಲು ಕಳೆದರೆ 3,88,800. ಇದರಿಂದ ಹಾಕಿದ ಬಂಡವಾಳ 70,000, ಎರಡು ಸಲದ ಇನ್ವರ್ಟರಿಗೆಂದು 50,000, ತೊಳೆಯುವ ಮತ್ತು ದುರಸ್ತಿಯ ಖರ್ಚಿಗೆಂದು ವರ್ಷಕ್ಕೆ ಸಾವಿರದಂತೆ 25,000, ಇಷ್ಟನ್ನೂ ತೆಗೆದರೆ 2,43,800 ರೂಪಾಯಿ ನಿಲ್ಲುವುದು. ತುಂಬಿದ ಮನೆಗೆ ಇದು ಸಣ್ಣ ಮೊತ್ತವಲ್ಲ. ಆ ಯಜಮಾನಿಗೆ ಎರಡು ಕಿಲೊವ್ಯಾಟ್ ಹಾಕಿಸಿಕೊಳ್ಳಬಹುದೆಂದು ನಾವು ಧೈರ್ಯವಾಗಿ ಹೇಳಿದೆವು.

ಇನ್ನು ಠೇವಣಿಯನ್ನು ಬಿಡಿಸಬೇಕೆಂದಿದ್ದವರ ಲೆಕ್ಕ. ಅವರ ಖರ್ಚು ತಿಂಗಳಿಗೆ 230 ಯೂನಿಟ್ಟು. ಮಂಜೂರಾದುದು ಎರಡು ಕಿಲೊವ್ಯಾಟ್. ಯೂನಿಟ್ಟುಗಳಿಗೆ 1,380, ನಿಗದಿತ ಶುಲ್ಕ 290, ಒಟ್ಟು 1,670 ರೂಪಾಯಿ. ಪಟ್ಟಿಯಂತೆ ಮೂರು ಕಿಲೊವ್ಯಾಟ್ ಹಾಕಿಸಿದ್ದರೆ 360 ಯೂನಿಟ್ಟು ಹುಟ್ಟಿ, ಅದರಲ್ಲಿ 130 ಮಿಗುತ್ತಿತ್ತು. ಮಿಕ್ಕುದರ ಅಲ್ಪ ಬೆಲೆಯಿಂದ ನಿಗದಿತ ಶುಲ್ಕವು ತೀರಿದರೂ ತೀರಬಹುದು. ಹಾಗೆ ನೋಡಿದರೆ ಸೊನ್ನೆಯೆಂಬ ಮಾತು ಸುಳ್ಳಲ್ಲ. ಆದರೆ ಆ ಸೊನ್ನೆಗಾಗಿ 1,17,000 ರೂಪಾಯಿಯನ್ನು ಕೊಟ್ಟು, ಯೂನಿಟ್ಟುಗಳಲ್ಲಿ ವರ್ಷಕ್ಕೆ 16,560ನ್ನು ಉಳಿಸುತ್ತ, ಏಳು ವರ್ಷ ಕಾಯಬೇಕಾಗಿತ್ತು. ಮಗಳ ಕಾಲೇಜು ಏಳು ವರ್ಷ ಕಾಯುವುದಿಲ್ಲ.

ಇಲ್ಲಿ ಪಟ್ಟಿಯಲ್ಲಿ ಬರೆಯದೆ ಇದ್ದ ಒಂದು ಸಂಗತಿಯುಂಟು. ಕರ್ನಾಟಕ ಸರಕಾರವು 2023ರಲ್ಲಿ ಜಾರಿಗೆ ತಂದ ಗೃಹಜ್ಯೋತಿ ಯೋಜನೆಯ ಪ್ರಕಾರ, ಮನೆಯ ಖರ್ಚು ತಿಂಗಳಿಗೆ 200 ಯೂನಿಟ್ಟನ್ನು ಮೀರದಿದ್ದರೆ, 2022-23ನೆಯ ಸಾಲಿನ ಸರಾಸರಿಯ ಮೇಲೆ ನೂರಕ್ಕೆ ಹತ್ತನ್ನು ಸೇರಿಸಿದಷ್ಟು ಯೂನಿಟ್ಟುಗಳಿಗೆ ಹಣವನ್ನು ಕೊಡಬೇಕಾಗಿಲ್ಲ. 200ನ್ನು ಮೀರಿದರೋ, ಮೀರಿದಷ್ಟಕ್ಕೆ ಮಾತ್ರವಲ್ಲ, ಪೂರ್ತಿ ಬಿಲ್ಲನ್ನು ತೆರಬೇಕು. ನಾವು ಆಕೆಯ ಹಳೆಯ ಬಿಲ್ಲುಗಳನ್ನು ತರಿಸಿ ನೋಡಿದೆವು. 2022-23ರಲ್ಲಿ ಅವರ ಸರಾಸರಿಯು 170 ಯೂನಿಟ್ಟು. ಆದುದರಿಂದ 187ರ ವರೆಗೆ ಅವರಿಗೆ ಹಕ್ಕುಂಟು. ಮಗಳ ಓದು ಹೆಚ್ಚಾಗಿ, ವೃದ್ಧರು ಹಗಲಿನಲ್ಲಿಯೂ ಮನೆಯಲ್ಲಿಯೇ ಇರುವುದರಿಂದ ಖರ್ಚು ಏರಿ, ಗೆರೆಯನ್ನು ದಾಟಿ ಹೋಗಿತ್ತು. ಹಾಗಾದರೆ ಅವರಿಗೆ ಬೇಕಾದುದು ಹೊಸ ಶಕ್ತಿಯಲ್ಲ. 43 ಯೂನಿಟ್ಟುಗಳ ಮಿತವ್ಯಯ.

ಅದು ಎಲ್ಲಿ ದೊರೆಯುವುದು? ತಲೆಯ ಮೇಲೆಯೇ ತಿರುಗುತ್ತಿತ್ತು. ಹಳೆಯ ಮಾದರಿಯ ಫ್ಯಾನು ಸುಮಾರು 75 ವ್ಯಾಟ್ ತಿನ್ನುವುದು. ಬಿಎಲ್‌ಡಿಸಿ ಎಂದು ಮಾರುವ ಹೊಸ ಮಾದರಿಯ ಫ್ಯಾನು ಅದೇ ಗಾಳಿಗೆ ಸುಮಾರು 30 ವ್ಯಾಟ್‌ನಲ್ಲಿ ತೃಪ್ತಿಪಡುವುದು. ಅವರ ಮನೆಯ ನಾಲ್ಕು ಫ್ಯಾನುಗಳು ದಿನಕ್ಕೆ ಹತ್ತು ಹತ್ತು ಗಂಟೆ ತಿರುಗಿದರೆ, ಒಂದೊಂದರಲ್ಲಿ 45 ವ್ಯಾಟ್‌ನಂತೆ ತಿಂಗಳಿಗೆ 54 ಯೂನಿಟ್ಟು ಉಳಿಯುವುದು. 230ರಲ್ಲಿ 54 ಹೋದರೆ 176. ಅದು 187ರ ಒಳಗೆ ಬಂದಿತು. 1,670 ರೂಪಾಯಿಯ ಬಿಲ್ಲು ಪೂರ್ತಿಯಾಗಿ ಇಳಿಯಿತು. ಒಂದು ಫ್ಯಾನಿಗೆ 3,000ದಂತೆ ನಾಲ್ಕಕ್ಕೆ 12,000 ರೂಪಾಯಿ. ಏಳೆಂಟು ತಿಂಗಳಲ್ಲಿ ಆ ಹಣವು ಹಿಂದಕ್ಕೆ ಬರುವುದು. ಲಕ್ಷಕ್ಕೆ ಮೀರಿದ ಹಣದಿಂದ ಆಗತಕ್ಕ ಕೆಲಸವನ್ನು ಹನ್ನೆರಡು ಸಾವಿರವು ಮಾಡಿತು. ಠೇವಣಿಯು ಬ್ಯಾಂಕಿನಲ್ಲಿಯೇ ಉಳಿಯಿತು. ಆದರೆ ಸೆಕೆಗಾಲದಲ್ಲಿ ಅವರು ಮೀಟರಿನ ಮೇಲೆ ಕಣ್ಣಿಟ್ಟಿರಬೇಕು. ಗೆರೆಗೂ ಅವರಿಗೂ ನಡುವೆ ಇರುವ ಅಂತರವು ಹನ್ನೊಂದೇ ಯೂನಿಟ್ಟು. ಸರಕಾರದ ರಿಯಾಯಿತಿಯು ಸರಕಾರದ ಇಚ್ಛೆಯಂತೆ ಬದಲಾಗಬಹುದೆಂಬುದನ್ನೂ ನಾವು ಅವರಿಗೆ ಮರೆಮಾಚಲಿಲ್ಲ. ಅಂದು ಬಂದರೂ ಉಳಿಸಿದ 54 ಯೂನಿಟ್ಟು ಉಳಿದೇ ಉಳಿಯುವುದು. ಫಲಕಗಳ ಯೋಚನೆಯನ್ನು ಆಗ ಮಾಡಬಹುದು.

ಈ ಎರಡು ಮನೆಗಳಿಂದ ತಿಳಿಯುವುದೇನೆಂದರೆ, ಫಲಕಗಳಿಂದ ಎಷ್ಟು ಉಳಿಯುವುದೆಂಬುದಕ್ಕೆ ಎಲ್ಲರಿಗೂ ಸಲ್ಲುವ ಒಂದೇ ಉತ್ತರವಿಲ್ಲ. 200 ಯೂನಿಟ್ಟಿನ ಒಳಗಿದ್ದು ಈಗಾಗಲೇ ಬಿಲ್ಲನ್ನು ತೆರದೆ ಇರುವ ಮನೆಗೆ ಉಳಿಯುವುದೇನೂ ಇಲ್ಲ. ಗೆರೆಯ ಮೇಲೆ ಸ್ವಲ್ಪವೇ ಇರುವ ಮನೆಗೆ ಮಿತವ್ಯಯವೇ ಮೊದಲನೆಯ ಮದ್ದು. ಮಿತವ್ಯಯವನ್ನು ಮಾಡಿದ ತರುವಾಯವೂ ದೊಡ್ಡ ಬಿಲ್ಲು ಬರುವ ಮನೆಗೆ ಫಲಕಗಳು ನಿಜವಾದ ಲಾಭವನ್ನು ಕೊಡುವುವು.

ಸ್ನಾನದ ನೀರಿನ ವಿಷಯವನ್ನೂ ಒಂದು ಮಾತು ಹೇಳಬೇಕು. ನೂರು ಲೀಟರ್ ನೀರನ್ನು 30 ಡಿಗ್ರಿಯಷ್ಟು ಕಾಯಿಸಲು ಸುಮಾರು ಮೂರೂವರೆ ಯೂನಿಟ್ಟು ಬೇಕು. ತಿಂಗಳಿಗೆ 105 ಯೂನಿಟ್ಟು, ಎಂದರೆ 630 ರೂಪಾಯಿ. ಒಂದು ಕಿಲೊವ್ಯಾಟ್ ಫಲಕವು ತಿಂಗಳೆಲ್ಲ ದುಡಿದುದು ಬಚ್ಚಲಿಗೇ ಸರಿಹೋಗುವುದು. ಬಿಸಿಲಿನಿಂದ ನೇರವಾಗಿ ನೀರನ್ನು ಕಾಯಿಸುವ ಸೋಲಾರ್ ಹೀಟರನ್ನು ಬೆಂಗಳೂರಿನ ಮಾಳಿಗೆಗಳ ಮೇಲೆ ಎಲ್ಲರೂ ಕಂಡಿದ್ದಾರೆ. ವಿದ್ಯುತ್ ಗೀಸರಿಗೆ ಹೆಚ್ಚು ತೆರುವ ಮನೆಯವರು ಫಲಕಗಳಿಗಿಂತ ಮೊದಲು ಅದನ್ನು ವಿಚಾರಿಸುವುದು ಜಾಣತನ. ಹಿತ್ತಲಿನಲ್ಲಿ ತೆಂಗಿನ ಮಡಲೂ ಬಚ್ಚಲಿನಲ್ಲಿ ಹಂಡೆಯೊಲೆಯೂ ಇರುವವರಿಗೆ ಅದೂ ಬೇಕಾಗಿಲ್ಲ.

ಫಲಕಗಳನ್ನು ಹಾಕಿಸಲು ನಿಶ್ಚಯಿಸಿದವರು ಗಮನಿಸಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ಸೂಚಿಸುತ್ತೇವೆ. ಒಂದು ಕಿಲೊವ್ಯಾಟಿಗೆ ಸುಮಾರು ನೂರು ಚದರಡಿ ನೆರಳಿಲ್ಲದ ಸ್ಥಳವು ಬೇಕು. ಫಲಕಗಳು ದಕ್ಷಿಣಕ್ಕೆ ಮುಖ ಮಾಡಿ, ಊರಿನ ಅಕ್ಷಾಂಶದಷ್ಟು, ಎಂದರೆ ಮಂಗಳೂರು ಬೆಂಗಳೂರುಗಳಲ್ಲಿ ಸುಮಾರು 13 ಡಿಗ್ರಿ, ಧಾರವಾಡದಲ್ಲಿ 15 ಡಿಗ್ರಿಯಷ್ಟು ಓರೆಯಾಗಿರಬೇಕು. ಫಲಕಗಳನ್ನು ಸರದಂತೆ ಒಂದಕ್ಕೊಂದು ಸೇರಿಸಿರುವುದರಿಂದ, ಒಂದರ ಮೇಲೆ ತೆಂಗಿನ ಗರಿಯ ನೆರಳು ಬಿದ್ದರೂ ಉಳಿದವುಗಳ ಉತ್ಪತ್ತಿಯು ಕುಂದಬಹುದು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಮೂರರ ವರೆಗೆ ನೆರಳು ಎಲ್ಲಿ ಬೀಳುವುದೆಂದು ಒಂದು ದಿನ ಕುಳಿತು ನೋಡುವುದಕ್ಕೆ ಖರ್ಚೇನೂ ಇಲ್ಲ. ಮಂಗಳೂರು ಹೆಂಚಿನ ಮನೆಯಾದರೆ ಚೌಕಟ್ಟಿನ ಭಾರವು ಹೆಂಚಿನ ಮೇಲಲ್ಲ, ಅದರ ಕೆಳಗಿನ ಪಕಾಸಿಗಳ ಮೇಲೆ ಬೀಳುವಂತೆ ಕಟ್ಟಿಸಬೇಕು. ಕಡಲ ಗಾಳಿಯಿರುವ ಊರಿನಲ್ಲಿ ತುಕ್ಕು ಹಿಡಿಯದ ಚೌಕಟ್ಟನ್ನೇ ಕೇಳಬೇಕು. ಬೇಸಗೆಯಲ್ಲಿ ಹದಿನೈದು ದಿನಗಳಿಗೊಮ್ಮೆ, ಬಿಸಿಲು ಏರುವುದಕ್ಕೆ ಮುಂಚೆ, ಬರಿಯ ನೀರಿನಿಂದ ಫಲಕಗಳನ್ನು ತೊಳೆಯಬೇಕು.

ಇನ್ನೊಂದು ಭ್ರಾಂತಿಯು ಸಾಮಾನ್ಯವಾಗಿದೆ. ಫಲಕಗಳಿದ್ದರೆ ಬೀದಿಯಲ್ಲಿ ಕರೆಂಟು ಹೋದರೂ ಮನೆಯಲ್ಲಿ ಇರುವುದೆಂದು ಅನೇಕರು ನಂಬಿದ್ದಾರೆ. ಬೀದಿಯ ತಂತಿಗೆ ಸೇರಿದ ಸಾಧಾರಣ ವ್ಯವಸ್ಥೆಯಲ್ಲಿ, ಅಲ್ಲಿ ಕರೆಂಟು ನಿಂತ ಕೂಡಲೇ ಇನ್ವರ್ಟರು ತಾನೂ ನಿಲ್ಲುವುದು. ಇದು ದೋಷವಲ್ಲ, ಕಂಬವನ್ನೇರಿ ದುರಸ್ತಿ ಮಾಡುತ್ತಿರುವ ಲೈನ್‌ಮ್ಯಾನನ ಪ್ರಾಣವನ್ನು ಕಾಯುವ ಏರ್ಪಾಡು. ಬ್ಯಾಟರಿಯನ್ನು ಸೇರಿಸಿದರೆ ಕತ್ತಲೆಯು ತಪ್ಪುವುದು ನಿಜ. ಆದರೆ ಖರ್ಚು ಏರಿ, ಮೇಲೆ ಹೇಳಿದ ವರ್ಷಗಳ ಲೆಕ್ಕವು ಉದ್ದವಾಗುವುದು.

ಸಹಾಯಧನದ ಅರ್ಜಿಯನ್ನು ಯೋಜನೆಯ ಸರಕಾರಿ ಜಾಲತಾಣದಲ್ಲಿಯೇ ಹಾಕಬೇಕು. ಅಲ್ಲಿ ನೋಂದಾಯಿಸಿದ ಮಾರಾಟಗಾರರಿಂದಲೇ ಕೊಳ್ಳಬೇಕು. ಫಲಕಗಳು ನಮ್ಮ ದೇಶದಲ್ಲಿಯೇ ತಯಾರಾದುವಾಗಿರಬೇಕು. ಕೆಲಸವು ಮುಗಿದು ಪರೀಕ್ಷೆಯಾದ ಬಳಿಕ ಆ ಹಣವು ಮನೆಯವರ ಬ್ಯಾಂಕಿನ ಖಾತೆಗೆ ಬರುವುದು. ವ್ಯಾಟ್, ತಯಾರಕರ ಹೆಸರು, ಖಾತರಿಯ ವರ್ಷಗಳು, ಇವೆಲ್ಲವೂ ಕಾಗದದಲ್ಲಿ ಬರೆದಿರಲಿ. ಎರಡು ಮೂರು ಕಡೆಯಿಂದ ಪಟ್ಟಿಯನ್ನು ತರಿಸಿ ಹೋಲಿಸದೆ ಮುಂಗಡವನ್ನು ಕೊಡಬಾರದು.

ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸವು ಬಹು ಸುಲಭವಾದುದು. ಒಂದು ವರ್ಷದ ಹನ್ನೆರಡು ಬಿಲ್ಲುಗಳನ್ನು ಒಂದು ಕಡೆ ಕಟ್ಟಿಟ್ಟು, ಯೂನಿಟ್ಟುಗಳನ್ನು ಕೂಡಿ, ಹನ್ನೆರಡರಿಂದ ಭಾಗಿಸಿರಿ. ಆ ಒಂದು ಅಂಕಿಯು ಕೈಯಲ್ಲಿದ್ದರೆ ಯಾವ ಪಟ್ಟಿಯೂ ನಿಮ್ಮನ್ನು ಮೋಸಗೊಳಿಸದು. ಮನೆಯಲ್ಲಿ ಶಾಲೆಗೆ ಹೋಗುವ ಮಗಳಿದ್ದರೆ ಈ ಲೆಕ್ಕವನ್ನು ಆಕೆಯ ಕೈಯಿಂದಲೇ ಮಾಡಿಸಿರಿ.

ಈ ಲೇಖನವನ್ನು ಬರೆಯುವ ಹೊತ್ತಿಗೆ ಆ ಇಬ್ಬರ ಸಮಾಚಾರವೂ ಬಂದಿದೆ. ಯಜಮಾನಿಯವರ ಮಾಳಿಗೆಯ ಮೇಲೆ ಎರಡು ಕಿಲೊವ್ಯಾಟ್ ಫಲಕಗಳು ಕುಳಿತಿವೆ. ಇನ್ನೊಬ್ಬರ ಮನೆಯಲ್ಲಿ ನಾಲ್ಕು ಹೊಸ ಫ್ಯಾನುಗಳು ತಿರುಗುತ್ತಿವೆ. ಮಗಳು ಕಾಲೇಜಿಗೆ ಸೇರಿದ್ದಾಳೆ.